ಬೆಟ್ಟದ ಕಲ್ಲು ಮಾಡುತ್ತಿದ್ದ ಕೆಲಸ

ರಾತ್ರಿ ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಟಕಟಕ ಸದ್ದು. ಕಳ್ಳನಲ್ಲ, ಸಾಕಿದ ನಾಯಿ ನೀರು ಕುಡಿಯಲು ಎದ್ದಿದೆ. ಹೆಜ್ಜೆ ಹೆಜ್ಜೆಗೂ ಹೀಗೆ ಸದ್ದಾಗುತ್ತಿದ್ದರೆ ಉಗುರು ಅತಿಯಾಗಿ ಬೆಳೆದಿದೆ ಎಂದೇ ಲೆಕ್ಕ. ಬೆಳಗ್ಗೆ ಕಟರ್ ಕೈಗೆ ತೆಗೆದುಕೊಂಡರೆ, ರಾತ್ರಿಯಿಡೀ ಮನೆ ಕಾಯ್ದ ಅದೇ ಧೀರ ಮಂಚದ ಕೆಳಗೆ ಮಾಯ.

ರಾಮನಗರದ ರಾಮದೇವರ ಬೆಟ್ಟದ ತಪ್ಪಲಲ್ಲೋ ಮಾಗಡಿಯ ಸಾವನದುರ್ಗದ ಬುಡದಲ್ಲೋ ಅಲೆಯುವ ನಾಯಿಯ ಉಗುರನ್ನು ಯಾರೂ ಕತ್ತರಿಸಿದವರಿಲ್ಲ. ಆದರೂ ಅದು ಮೊಂಡಾಗಿ, ಅಳತೆಯಲ್ಲೇ ಇರುತ್ತದೆ. ಅಲ್ಲಿ ಆ ಕೆಲಸ ಕಲ್ಲಿನದು.

ಮಾಗಡಿಯಿಂದ ಕನಕಪುರದವರೆಗೆ ಕಣ್ಣಿಗೆ ಬೀಳುವ ಈ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರ ತನ್ನ ಹಳೆಯ ಹೆಸರನ್ನು ಬಿಟ್ಟರೂ ಭೂವಿಜ್ಞಾನ ಬಿಟ್ಟಿಲ್ಲ; ಕಲ್ಲಿಗೆ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಹೆಸರು. ಅದರಲ್ಲಿರುವ ಬೆಣಚುಕಲ್ಲಿನ ಹರಳಿಗೆ ಮೋಸ್ ಮಾಪಕದಲ್ಲಿ 7ರ ಗಡಸುತನ. ಉಗುರಿಗೆ 2.5ರ ಆಸುಪಾಸು. ನಾಯಿ ಓಡಾಡಿದಷ್ಟೂ ಒರಟು ಹರಳು ಅರದ ಹಾಗೆ ಉಗುರನ್ನು ಉಜ್ಜುತ್ತದೆ. ಮನೆಯೊಳಗೆ ಹಾಸಿರುವುದೂ ಗ್ರಾನೈಟೇ ಇರಬಹುದು. ಆದರೆ ಪಾಲಿಶ್ ಮಾಡಿದ ಕಲ್ಲಿಗೆ ಹಲ್ಲಿಲ್ಲ. ಗಡಸುತನ ಅಷ್ಟೇ ಇದ್ದರೂ ಅದರ ಮೇಲೆ ಉಗುರು ಜಾರುತ್ತದೆ, ಸವೆಯುವುದಿಲ್ಲ.

ಇದೇ ಬೆಟ್ಟಗಳ ಚಿರತೆಯ ಉಗುರಿನ ಕಥೆ ಬೇರೆ. ನಡೆಯುವಾಗ ಅದು ಉಗುರನ್ನು ಒರೆಯೊಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಮೊನೆ ಮಾಸುವುದಿಲ್ಲ. ನಾಯಿಗೆ ಒರೆಯಿಲ್ಲ. ಓಟಗಾರನ ಬೂಟಿನ ಮೊಳೆಯಂತೆ ಅದರ ಉಗುರು ಸದಾ ಹೊರಗೇ. ನೆಲ ಸವೆಸುತ್ತದೆ ಎಂಬ ನಂಬಿಕೆಯ ಮೇಲೆ ಅದು ಬೆಳೆಯುತ್ತಲೇ ಇರುತ್ತದೆ. ಚಿರತೆ ಭಯಕ್ಕೆ ನಾಯಿಯನ್ನು ಒಳಗೆ ಕರೆದುಕೊಂಡ ಮನೆಯಲ್ಲಿ ಆ ನಂಬಿಕೆ ಸುಳ್ಳಾಗುತ್ತದೆ. ನಾಯಿ ಬೆರಳ ಮೇಲೆ ನಡೆಯುವ ಪ್ರಾಣಿ. ಉದ್ದ ಉಗುರು ಬೆರಳನ್ನು ಮೇಲಕ್ಕೆ ತಳ್ಳಿ ನಿಲುವನ್ನೇ ಕೆಡಿಸುತ್ತದೆ. ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದ ಒಂದು ಉಗುರಿದೆಯಲ್ಲ, ಅದನ್ನು ಮರೆತರೆ ಸುರುಳಿ ಸುತ್ತಿ ಮಾಂಸಕ್ಕೇ ಚುಚ್ಚಿಕೊಳ್ಳಬಹುದು.

ಹಾಗಾದರೆ ಕಟರ್ ಕಂಡೊಡನೆ ನಾಯಿಯ ಇಷ್ಟು ಪ್ರತಿಭಟನೆ ಏಕೆ? ಉಗುರಿನ ಹೊರಕವಚ ಜೀವವಿಲ್ಲದ ಕೆರಾಟಿನ್. ಒಳಗಿನ ಹಸಿ ಭಾಗದಲ್ಲಿ ಮಾತ್ರ ರಕ್ತನಾಳವೂ ನರವೂ ಇವೆ. ಒಮ್ಮೆ ಕಟರ್ ಅಲ್ಲಿಗೆ ತಗುಲಿದರೆ ನೋವಿನ ಜೊತೆಗೆ ಇಡೀ ದೃಶ್ಯವನ್ನೇ ನಾಯಿ ನೆನಪಿಟ್ಟುಕೊಳ್ಳುತ್ತದೆ: ಕಟರಿನ ಸದ್ದು, ಕೂತ ಜಾಗ, ಹಿಡಿದ ಕೈ. ಎತ್ತಿಗೆ ಲಾಳ ಕಟ್ಟುವಾಗ ಹಗ್ಗ ಹಾಕಿ ಕೆಡವುವುದನ್ನು ಕಂಡ ನಮಗೆ ನಾಯಿಗೂ ಅದೇ ದಾರಿ ತೋಚುತ್ತದೆ. ಒಬ್ಬರು ಕತ್ತು, ಒಬ್ಬರು ಸೊಂಟ, ಒಬ್ಬರು ಕಾಲು. ಅವತ್ತಿನ ಕೆಲಸವೇನೋ ಮುಗಿಯುತ್ತದೆ. ಮುಂದಿನ ಸಲದ ಕೆಲಸ ಎರಡರಷ್ಟಾಗುತ್ತದೆ. ನಾಯಿಯೂ ಮೊದಲೇ ಹೇಳಿರುತ್ತದೆ, ನಾವು ಕೇಳಿರುವುದಿಲ್ಲ: ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಂಚಲ್ಲಿ ನೋಡುವುದು. ಗುರ್ ಎನ್ನುವುದು ಆಮೇಲಿನ ಮಾತು.

ಭಯವನ್ನು ಕಲಿಯಬಹುದಾದರೆ ಮರೆಸಲೂಬಹುದು. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೀಟರ್ ಎಂಬ ಮಗುವಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಿಂದ ಇಷ್ಟಿಷ್ಟೇ ಹತ್ತಿರ ತರಲಾಯಿತು. ಕಡೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಈ ವಿದ್ಯೆ ನಾಯಿಗೂ ನಡೆಯುತ್ತದೆ.

ಮೊದಲ ಕೆಲವು ದಿನ ಕಟರ್ ಬರೀ ತೋರಿಸಿ, ತಕ್ಷಣ ತಿನಿಸು ಕೊಡಿ. ಇಲ್ಲಿ ಸರದಿ ಮುಖ್ಯ, ಕಟರ್ ಮೊದಲು, ತಿನಿಸು ಆಮೇಲೆ. ತಿರುವುಮುರುವಾದರೆ ತಿನಿಸೇ ಅಪಾಯದ ಸೂಚನೆಯಾಗುತ್ತದೆ. ದಿನಾ ತಿನ್ನುವ ರಾಗಿಮುದ್ದೆಗೆ ಈ ಕೆಲಸದಲ್ಲಿ ಬೆಲೆಯಿಲ್ಲ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಚೂರು ಬೇಕು. ಆಮೇಲೆ ಭುಜ ಸವರಿ, ಕಾಲು ಮುಟ್ಟಿ, ಬೆರಳು ಹಿಡಿದು, ಉಗುರಿಗೆ ಕಟರ್ ತಾಗಿಸಿ. ಒಂದೊಂದು ಮೆಟ್ಟಿಲೂ ಒಗ್ಗಿದ ಮೇಲೆ ಮುಂದಿನದು. ನಾಯಿ ಕಾಲು ಎಳೆದುಕೊಂಡರೆ ಬಿಟ್ಟುಬಿಡಿ.

ಕತ್ತರಿಸುವ ದಿನ ತುದಿಯ ಚೂರಷ್ಟೇ. ಬಿಳಿ ಉಗುರಿನಲ್ಲಿ ಹಸಿ ಭಾಗ ಗುಲಾಬಿಯಾಗಿ ಕಾಣುತ್ತದೆ. ಕಪ್ಪು ಉಗುರನ್ನು ತೆಳ್ಳಗೆ ಬಿಲ್ಲೆ ತೆಗೆಯುತ್ತಾ ಹೋಗಿ. ಕತ್ತರಿಸಿದ ಮುಖದ ನಡುವೆ ಕಪ್ಪನೆಯ ಚುಕ್ಕಿ ಮೂಡಿದರೆ ಅಲ್ಲಿಗೆ ಸಾಕು. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಕೆಲವು ನಿಮಿಷ ಹಿಡಿಯಿರಿ, ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೊರಡಿ.

ಉಗುರು ಉಜ್ಜುವ ಬ್ಯಾಟರಿ ಯಂತ್ರಗಳೂ ಬಂದಿವೆ. ಅವುಗಳ ಗುಣ ತಿಳಿಯಲು ಚನ್ನಪಟ್ಟಣದ ಗೊಂಬೆ ಮಾಡುವವರ ಕೈ ನೋಡಬೇಕು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಶಾಖಕ್ಕೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಇಂಥದೇ ಶಾಖ ಉಗುರಿನಲ್ಲೂ ಏಳುತ್ತದೆ. ಆದ್ದರಿಂದ ಒಂದೆರಡು ಸೆಕೆಂಡು ತಾಗಿಸಿ ತೆಗೆಯಬೇಕು. ಕಾಲು ಮುಟ್ಟಗೊಡದ ನಾಯಿಗೆ ಇನ್ನೂ ಸುಲಭದ ಉಪಾಯವಿದೆ. ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ ಓರೆಯಾಗಿ ಹಿಡಿದು, ನಾಯಿ ಅದನ್ನು ಕೆರೆದಾಗಲೆಲ್ಲ ತಿನಿಸು ಕೊಡಿ. ಕ್ರಮೇಣ ನಾಯಿ ತನ್ನ ಮುಂಗಾಲಿನ ಉಗುರನ್ನು ತಾನೇ ಉಜ್ಜಿಕೊಳ್ಳುತ್ತದೆ.

ಕಚ್ಚಲು ಬರುವ ನಾಯಿಯ ಜೊತೆ ಪಂದ್ಯ ಬೇಡ. ಪಶುವೈದ್ಯರು ಮಂಪರು ಬರಿಸಿ ಕತ್ತರಿಸಬಲ್ಲರು. ಮನುಷ್ಯರ ಮಾತ್ರೆಯನ್ನು ನೀವಾಗಿ ಕೊಡಬಾರದು. ಹಲ್ಲೋ ಉಗುರೋ ತಗುಲಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬಿಸ್ ವಿಷಯದಲ್ಲಿ ಉದಾಸೀನ ಸಲ್ಲದು.

ಸಾಮಾನ್ಯವಾಗಿ ನಾಯಿಗೆ 18 ಉಗುರು. ದಿನಕ್ಕೆ ಒಂದೇ ಆದರೂ 18 ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಹೀಗೆ ಚೂರುಚೂರೇ ಕತ್ತರಿಸುತ್ತಾ ಬಂದರೆ ಒಳಗಿನ ಹಸಿ ಭಾಗವೂ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಬೆಟ್ಟದ ಕಲ್ಲೂ ಹಾಗೆಯೇ. ಒಂದೇ ದಿನದಲ್ಲಿ ಯಾವ ನಾಯಿಯ ಉಗುರನ್ನೂ ಅದು ಸವೆಸಿದ್ದಿಲ್ಲ, ಯಾವ ನಾಯಿಯನ್ನೂ ಹಿಡಿದು ಕೆಡವಿದ್ದೂ ಇಲ್ಲ.