ಒಂದೇ ಇಂಜಿನ್, ಗೆಲುವು ಸ್ಟೀರಿಂಗ್‌ನದು: ಮಣ್ಣಿನ ಟ್ರ್ಯಾಕ್‌ಗೆ ಪುಣೆ ವಿದ್ಯಾರ್ಥಿಗಳ ‘ಬಾಹಾ’ ಬಂಡಿ

ಪುಣೆ: ಮಗ ರಾತ್ರಿ ಹನ್ನೊಂದಾದರೂ ಕಾಲೇಜಿನ ವರ್ಕ್‌ಶಾಪ್ ಬಿಟ್ಟು ಬರುವುದಿಲ್ಲ, ಬಂದರೆ ಅಂಗಿಯ ತುಂಬ ಗ್ರೀಸು, ಇದೆಂಥ ಓದು ಎಂದು ಕೇಳುವ ತಂದೆ-ತಾಯಿಗಳು ಪುಣೆಯ ಕನ್ನಡಿಗರಲ್ಲೂ ಇದ್ದಾರೆ. ಮಗ ಮೆಕ್ಯಾನಿಕಲ್ ವಿಭಾಗದವನಾದರೆ ಉತ್ತರ ಬಹುಶಃ ‘ಬಾಹಾ’. ವಿದ್ಯಾರ್ಥಿಗಳು ತಾವೇ ಕಟ್ಟಿದ ಒಂಟಿ ಸೀಟಿನ ಬಂಡಿಯನ್ನು ಮಣ್ಣು, ಕಲ್ಲು, ಹೊಂಡಗಳ ನಡುವೆ ಓಡಿಸುವ ಸ್ಪರ್ಧೆ ಇದು. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿ, 2007ರಲ್ಲಿ ಎಸ್‌ಎಇ ಇಂಡಿಯಾ ಸಂಸ್ಥೆಯ ಮೂಲಕ ಇಂದೋರ್ ಸಮೀಪದ ಪೀಥಂಪುರಕ್ಕೆ ಬಂತು. ವಾಹನ ಕಾರ್ಖಾನೆಗಳ ಊರಾದ ಪುಣೆಯ ಕಾಲೇಜುಗಳಿಗೆ ಇದು ಪ್ರತಿಷ್ಠೆಯ ಪ್ರಶ್ನೆ.

ಇಂಜಿನ್ ಬಂಡಿಯ ತಂಡಗಳಿಗೆಲ್ಲ ಒಂದೇ ಬಗೆಯ ಸಣ್ಣ ಇಂಜಿನ್. ಹಾಗಾಗಿ ಇಂಜಿನಿನ ಬಲದಿಂದ ಗೆಲ್ಲುವಂತಿಲ್ಲ. ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟದಲ್ಲಿ ಒಂದು ಟೈ ರಾಡ್ ಮುರಿದರೆ ಇಡೀ ವರ್ಷದ ದುಡಿಮೆ ಟ್ರ್ಯಾಕ್ ಬದಿಯಲ್ಲಿ ನಿಂತುಬಿಡುತ್ತದೆ. ಅಂತಿಮ ವರ್ಷದವರಿಗೆ ಮತ್ತೊಂದು ಅವಕಾಶವೂ ಇಲ್ಲ.

ತಿರುವಿನಲ್ಲಿ ಮುಂದಿನ ಎರಡೂ ಚಕ್ರಗಳು ಸಮನಾಗಿ ತಿರುಗುತ್ತವೆ ಎಂಬುದು ಅನೇಕರ ಭಾವನೆ. ಹಾಗಲ್ಲ. ರಾಶಿಯ ಕಣದಲ್ಲಿ ಮೇಟಿಗೆ ಹತ್ತಿರದ ಎತ್ತಿನದು ಸಣ್ಣ ಸುತ್ತು, ಹೊರಗಿನ ಎತ್ತಿನದು ದೊಡ್ಡ ಸುತ್ತು. ಚಕ್ರಗಳದ್ದೂ ಅದೇ ಲೆಕ್ಕ. ಕುದುರೆಗಾಡಿಗಾಗಿ ಹುಟ್ಟಿದ ಈ ಉಪಾಯಕ್ಕೆ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದ ಆಕರ್‌ಮನ್ ಹೆಸರೇ ನಿಂತಿದೆ. ಮುಂದಿನ-ಹಿಂದಿನ ಚಕ್ರಗಳ ನಡುವೆ 1.4 ಮೀಟರ್, ಎಡ-ಬಲ ಚಕ್ರಗಳ ನಡುವೆ 1.2 ಮೀಟರ್ ಇರುವ ಬಂಡಿ 2.5 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕಾದರೆ ಒಳಗಿನ ಚಕ್ರ ಸುಮಾರು 36 ಡಿಗ್ರಿ, ಹೊರಗಿನದು 24 ಡಿಗ್ರಿ ಹೊರಳಬೇಕು. ಸಾಲದ್ದಕ್ಕೆ ಇಂಥ ಬಹುತೇಕ ಬಂಡಿಗಳ ಹಿಂಬದಿಯಲ್ಲಿ ಡಿಫರೆನ್ಷಿಯಲ್ ಇರುವುದಿಲ್ಲ. ಹಿಂದಿನ ಚಕ್ರಗಳೆರಡೂ ಒಂದೇ ವೇಗದಲ್ಲಿ ನೇರಕ್ಕೆ ತಳ್ಳುತ್ತವೆ, ಮುಂದಿನವು ಹಟ ಹಿಡಿದು ಎಳೆಯಬೇಕು.

ರಸ್ತೆಯ ಕಾರಿನ ಸ್ಟೀರಿಂಗನ್ನು ತಂದು ಕೂರಿಸಿದರೆ ಕೆಲಸ ಮುಗಿಯದಿರುವುದು ಇದಕ್ಕೇ. ಮಾರುತಿ 800ರ ರ‍್ಯಾಕ್ ತಂದು, ಕತ್ತರಿಸಿ, ಚಕ್ರದ ಬಳಿಯ ಸ್ಟೀರಿಂಗ್ ಆರ್ಮನ್ನು ಹೊಸದಾಗಿ ಮಾಡಿಸಿಕೊಂಡ ತಂಡಗಳುಂಟು. ಆರ್ಮ್ ಗಿಡ್ಡವಾದರೆ ಬಂಡಿ ಚುರುಕಾಗಿ ತಿರುಗುತ್ತದೆ, ಆದರೆ ಕೈಗೆ ಭಾರ. ನಾಲ್ಕು ಗಂಟೆ ಅದನ್ನು ತಿರುಗಿಸುವ ಹುಡುಗರ ಭುಜವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲಕ್ಕಿಂತ ಕಾಡುವುದು ‘ಬಂಪ್ ಸ್ಟೀರ್’. ಹೊಂಡದಲ್ಲಿ ಚಕ್ರ ಏರಿ ಇಳಿಯುವಾಗ ಅದನ್ನು ಹಿಡಿದಿರುವ ಎ-ಆರ್ಮ್ ಒಂದು ಕಮಾನಿನಲ್ಲಿ ಚಲಿಸಿದರೆ ಟೈ ರಾಡ್ ಇನ್ನೊಂದು ಕಮಾನಿನಲ್ಲಿ ಚಲಿಸುತ್ತದೆ. ಎರಡೂ ಹೊಂದದಿದ್ದರೆ ಚಾಲಕ ಕೈ ಅಲುಗಿಸದಿದ್ದರೂ ಚಕ್ರ ತಾನಾಗಿಯೇ ಓರೆಯಾಗುತ್ತದೆ. ವೇಗವಿದ್ದಾಗ ಬಂಡಿ ಮಗುಚಲು ಅಷ್ಟು ಸಾಕು. ಇದನ್ನು ಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಸ್ಟೀರಿಂಗನ್ನು ನೇರಕ್ಕೆ ಬಿಗಿದು, ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜಾಕ್‌ನಿಂದ ಒಂದೊಂದೇ ಇಂಚು ಎತ್ತಬೇಕು. ಬಂಡಿಯ ಪಕ್ಕ ಬಿಗಿದು ಕಟ್ಟಿದ ದಾರಕ್ಕೂ ರಿಮ್ಮಿನ ಮುಂದಿನ, ಹಿಂದಿನ ಅಂಚುಗಳಿಗೂ ಎಷ್ಟು ಅಂತರವೆಂದು ಪ್ರತಿ ಸಲ ಬರೆದುಕೊಳ್ಳಬೇಕು. ಅಂತರ ಬದಲಾಗುತ್ತಿದ್ದರೆ ರ‍್ಯಾಕನ್ನು ಕೆಲವು ಮಿಲಿಮೀಟರ್ ಮೇಲೆ ಅಥವಾ ಕೆಳಗೆ ಸರಿಸಿ, ಬೇಕಿದ್ದರೆ ಟೈ ರಾಡ್ ಉದ್ದವನ್ನೂ ಬದಲಿಸಿ, ಮತ್ತೆ ಮೊದಲಿನಿಂದ ಅಳೆಯಬೇಕು. ರಾತ್ರಿ ಹನ್ನೊಂದಾಗುವುದು ಹೀಗೆ!

ಅಂದಹಾಗೆ, ಸರ್ ಎಂ. ವಿಶ್ವೇಶ್ವರಯ್ಯನವರು 1883ರಲ್ಲಿ ಇಂಜಿನಿಯರಿಂಗ್ ಮುಗಿಸಿದ್ದು ಇದೇ ಪುಣೆಯ ಕಾಲೇಜಿನಲ್ಲಿ. ಆ ಕಾಲೇಜು 2022ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 1903ರಲ್ಲಿ ಅವರು ಖಡಕ್‌ವಾಸ್ಲಾದಲ್ಲಿ ಅಳವಡಿಸಿದ ಗೇಟುಗಳು ಮನುಷ್ಯರ ಕೈ ಸೋಕದೆ ತೆರೆಯುತ್ತಿದ್ದುದೇ ಅವುಗಳ ಹಿರಿಮೆ. ಬಾಹಾ ಹುಡುಗರಿಗೆ ಮಾತ್ರ ಕೈ ಸೋಕದೆ ತಿರುಗುವ ಚಕ್ರವೇ ಶತ್ರು.

ಎಷ್ಟು ಸರಿಪಡಿಸಿದರೂ ಕಲ್ಲಿಗೆ ಬಡಿದ ಚಕ್ರ ಒಮ್ಮೊಮ್ಮೆ ಸ್ಟೀರಿಂಗನ್ನು ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸ್ಟೀರಿಂಗ್ ಕಡ್ಡಿಗಳ ನಡುವೆ ಇದ್ದರೆ ಮುರಿದೇ ಹೋದೀತು. ಹೆಬ್ಬೆರಳನ್ನು ಒಳಗೆ ಸಿಕ್ಕಿಸದೆ ಸುತ್ತುಪಟ್ಟಿಯ ಮೇಲೆಯೇ ಇಟ್ಟುಕೊಳ್ಳುವುದು ಇಲ್ಲಿ ಚಾಲಕರಾಗುವ ವಿದ್ಯಾರ್ಥಿಗಳು ಕಲಿಯಬೇಕಾದ ಮೊದಲ ಪಾಠಗಳಲ್ಲೊಂದು.