ಒಬ್ಬರ ಹಗ್ಗಕ್ಕೆ ಇಬ್ಬರ ಭಾರ

ಪ್ರಶ್ನೆ: ಸುರಕ್ಷಾ ಪಟ್ಟಿ ಕಟ್ಟಿ ಹಲಸಿನ ಮರ ಹತ್ತಿದವರು ತಲೆ ಸುತ್ತಿ ಅಲ್ಲೇ ನೇತಾಡುತ್ತಿದ್ದರೆ, ಇನ್ನೊಬ್ಬರು ಅದೇ ಹಗ್ಗದಲ್ಲಿ ಹತ್ತಿ ಇಳಿಸಬಾರದು ಎನ್ನುತ್ತಾರೆ. ಏಕೆ?
– ಓದುಗರು, ಕುಂಭಾಶಿ

ಉತ್ತರ: ಮರ ಹತ್ತುವ ಸಲಕರಣೆಗಳಲ್ಲಿ ಹೆಚ್ಚಿನವು ಒಬ್ಬರಿಗೆಂದೇ ತಯಾರಾದವು. ಸುರಕ್ಷಾ ಪಟ್ಟಿಯನ್ನು ಸಾಮಾನ್ಯವಾಗಿ 100 ಕಿಲೋ ತೂಕದ ಬೊಂಬೆಗೆ ತೊಡಿಸಿ, ಬೀಳಿಸಿ ಪರೀಕ್ಷಿಸುತ್ತಾರೆ. 80 ಕಿಲೋ ತೂಗುವವರನ್ನು ಇಳಿಸಲು 70 ಕಿಲೋದವರು ಅದೇ ಹಗ್ಗಕ್ಕೆ ಸೇರಿಕೊಂಡರೆ ಭಾರ 150 ಕಿಲೋ ಆಯಿತು.

ಕೊಂಬೆಯ ಪಾಲಿನ ಭಾರ ಇನ್ನೂ ಹೆಚ್ಚಿರಬಹುದು. ಬಾವಿಯ ರಾಟೆಯನ್ನೇ ನೋಡಿ. ಒಂದು ಕಡೆ 15 ಕಿಲೋದ ಕೊಡಪಾನ ತೂಗುತ್ತದೆ. ಅದನ್ನು ತಡೆದು ನಿಲ್ಲಿಸಲು ನೀವು ಇನ್ನೊಂದು ಕಡೆ ಅಷ್ಟೇ ಬಲ ಹಾಕಿ ಎಳೆಯುತ್ತೀರಿ. ರಾಟೆ ತೂಗುಹಾಕಿದ ಅಡ್ಡಮರ ಹೊರುವುದು ಎರಡನ್ನೂ, ಅಂದರೆ 30 ಕಿಲೋ. ಹಾಗೆಯೇ, ಕೊಂಬೆಗೆ ಕಟ್ಟಿದ ರಾಟೆಯಲ್ಲಿ ಹಗ್ಗ ಹಾಯಿಸಿ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಬಿಗಿದಿದ್ದರೆ, ಇಬ್ಬರ 150 ಕಿಲೋಗೆ ಕೊಂಬೆ ಹೊರಬೇಕಾದದ್ದು ಸುಮಾರು 300 ಕಿಲೋ. ತುದಿಯನ್ನು ಕೊಂಬೆಗೇ ಕಟ್ಟಿದ್ದರೆ ಈ ದುಪ್ಪಟ್ಟು ಇಲ್ಲ.

ಇದರ ಮೇಲೆ ಜಗ್ಗಿನ ಏಟು ಬೇರೆ. ಸಡಿಲವಾಗಿದ್ದ ಹಗ್ಗ ಒಮ್ಮೆಲೇ ಬಿಗಿದರೆ ಬೀಳುವ ಬಲ ತೂಕದ ಹಲವು ಪಟ್ಟಾಗುತ್ತದೆ. ಗಂಟು ಬಿದ್ದಲ್ಲಿ ಹಗ್ಗದ ಬಲವೂ ಕುಗ್ಗುತ್ತದೆ. ಇಳಿಯುವ ಸಾಧನವಂತೂ ಹಗ್ಗವನ್ನು ಉಜ್ಜಿಯೇ ವೇಗ ತಡೆಯುವಂಥದ್ದು. ಭಾರ ಮಿತಿಮೀರಿದರೆ ಅದು ಕಾದು, ಹಿಡಿತ ತಪ್ಪಿ ಜಾರಬಹುದು.

ಆದ್ದರಿಂದಲೇ ತರಬೇತಾದವರು ಬೇರೆ ಹಗ್ಗ ಹಾಕಿ, ಗಟ್ಟಿ ಕವಲು ಆರಿಸಿ, ಇಬ್ಬರ ಭಾರಕ್ಕೆ ತಕ್ಕ ಸಾಧನ ಬಳಸುತ್ತಾರೆ. ಕೊಳ್ಳುವಾಗ ಸಲಕರಣೆಯ ಮೇಲೆ ಬರೆದ ಮಿತಿ ಓದಿ. ಯಾರಾದರೂ ಮರದಲ್ಲಿ ಸಿಕ್ಕಿಕೊಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ.