ಹೆಸರಿನ ಕೆಳಗಿನ ಆ ಒಂದು ಸಾಲು

ಈ ಸಲ ಹಾಡುಗಳ ಪಟ್ಟಿಗೆ ಸ್ವಲ್ಪ ಬಿಡುವು ಕೊಟ್ಟು, ಹೊಟ್ಟೆಪಾಡಿನ ಒಂದು ವಿಷಯ ಮಾತಾಡೋಣ.

ಡೊಂಬಿವಲಿಯಿಂದ ನಮ್ಮ ಹಳೆಯ ಶ್ರೋತೃವೊಬ್ಬರು ಫೋನ್ ಮಾಡಿದ್ದರು. ಇಪ್ಪತ್ತೆರಡು ವರ್ಷ ಒಂದೇ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಂಡವರು. ಹೋದ ವರ್ಷ ಆ ಕೆಲಸ ಹೋಯಿತು. ಈಗ ಮನೆಯಲ್ಲೇ ಕೂತು ಸಣ್ಣ ಹೋಟೆಲುಗಳ ಲೆಕ್ಕ ಬರೆದುಕೊಡುತ್ತಾರೆ. "ಮಗಳು ಲಿಂಕ್ಡ್‌ಇನ್‌ನಲ್ಲಿ ನನ್ನ ಪ್ರೊಫೈಲ್ ಮಾಡಿಕೊಟ್ಟು ಎಂಟು ತಿಂಗಳಾಯ್ತು ಮೇಡಂ, ಒಬ್ಬ ಗಿರಾಕಿಯೂ ಬಂದಿಲ್ಲ. ಇದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ ಮಾತ್ರವಾ?" ಎಂದು ಕೇಳಿದರು.

ಅವರ ಪುಟ ತೆರೆದು ನೋಡಿದೆ. ಹೆಸರಿನ ಕೆಳಗೆ 'ಮಾಜಿ ಸೀನಿಯರ್ ಅಕೌಂಟೆಂಟ್', ಪಕ್ಕದಲ್ಲಿ ಬಿಟ್ಟುಬಂದ ಕಂಪನಿಯ ಹೆಸರು. ನನಗೆ ನಗು ಬರಲಿಲ್ಲ. ಯಾಕೆಂದರೆ ನನ್ನ ಪುಟದಲ್ಲೂ ಬಹಳ ಕಾಲ 'ಕ್ಯಾಶುಯಲ್ ಅನೌನ್ಸರ್' ಎಂದಷ್ಟೇ ಇತ್ತು. ತಿಂಗಳಿಗೆ ಕೆಲವೇ ಡ್ಯೂಟಿ ಸಿಗುವ ನನ್ನಂಥವರಿಗೆ ಡಬ್ಬಿಂಗು, ಜಾಹೀರಾತಿನ ಧ್ವನಿ ಇವೇ ಮನೆ ಬಾಡಿಗೆ ಕಟ್ಟಿಸುವುದು. ಆದರೆ 'ಕ್ಯಾಶುಯಲ್' ಅಂದರೆ ಏನೆಂದು ರೇಡಿಯೊದವರಿಗಷ್ಟೇ ಗೊತ್ತು. ಜಾಹೀರಾತಿನವರು ಅದನ್ನು ಓದಿ, ಈಕೆ ಟೈಂಪಾಸಿಗೆ ಮಾತಾಡುವವಳು ಅಂದುಕೊಂಡಿದ್ದರೆ ತಪ್ಪು ಅವರದಲ್ಲ.

ಲಿಂಕ್ಡ್‌ಇನ್ 2003ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ನಮ್ಮಲ್ಲಿ ಬಹಳ ಜನ ಅದನ್ನು ಬಯೋಡೇಟಾ ಇಡುವ ಕಪಾಟು ಅಂದುಕೊಂಡಿದ್ದಾರೆ. ಬಯೋಡೇಟಾ ಹೇಳುವುದು ನಾವು ಏನಾಗಿದ್ದೆವು ಎಂಬುದನ್ನು. ಗಿರಾಕಿ ಕೇಳುವುದು, ನನಗೆ ನೀವು ಏನು ಮಾಡಿಕೊಡುತ್ತೀರಿ ಎಂದು. ಹೆಸರಿನ ಕೆಳಗಿನ ಸಾಲನ್ನು ಅಲ್ಲಿ ಹೆಡ್‌ಲೈನ್ ಅನ್ನುತ್ತಾರೆ. 220 ಅಕ್ಷರಗಳಷ್ಟು ಜಾಗವಿದೆ. ಆದರೆ ನೀವು ಯಾರದೋ ಬರಹಕ್ಕೆ ಕಾಮೆಂಟ್ ಹಾಕಿದಾಗ ಅದರ ಆರಂಭದ ತುಣುಕಷ್ಟೇ ಕಾಣುತ್ತದೆ. ಹಾಗಾಗಿ ಮುಖ್ಯವಾದ ಮಾತು ಮೊದಲ ನಾಲ್ಕೈದು ಪದಗಳಲ್ಲೇ ಬರಬೇಕು. ರೇಡಿಯೊದಲ್ಲೂ ಅಷ್ಟೇ ತಾನೇ, ಮೊದಲ ವಾಕ್ಯ ಹಿಡಿಯದಿದ್ದರೆ ನೀವು ಸ್ಟೇಷನ್ ಬದಲಿಸಿಬಿಡುತ್ತೀರಿ!

ಆ ಶ್ರೋತೃವಿನ ಜೊತೆ ಅರ್ಧ ಗಂಟೆ ಕೂತು ಬರೆದ ಸಾಲು ಇದು: 'ಸಣ್ಣ ಹೋಟೆಲುಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ಕೆಲಸ, ಮುಂಬೈ-ಥಾಣೆ. ಕನ್ನಡ, ತುಳು, ಮರಾಠಿ, ಹಿಂದಿಯಲ್ಲಿ ಮಾತಾಡಬಹುದು.' ಇದನ್ನು ಇಂಗ್ಲಿಷಿನಲ್ಲೇ ಹಾಕಿದೆವು, ಹುಡುಕುವವರು ಟೈಪ್ ಮಾಡುವುದು ಇಂಗ್ಲಿಷಿನಲ್ಲಿ ಎಂದು. ಭಾಷೆಗಳ ಹೆಸರು ಹಾಕಲು ಅವರಿಗೆ ಸಂಕೋಚ. "ಕನ್ನಡ ಗೊತ್ತು ಅಂತ ಹೇಳಿಕೊಳ್ಳೋದರಲ್ಲಿ ಏನಿದೆ ಮೇಡಂ?" ಎಂದರು. ಇಲ್ಲಿನ ಉಡುಪಿ ಹೋಟೆಲಿನ ಯಜಮಾನರೊಬ್ಬರು ತಮ್ಮ ಲೆಕ್ಕದ ಕಷ್ಟವನ್ನು ತುಳುವಿನಲ್ಲಿ ಹೇಳಿಕೊಳ್ಳಬಹುದು ಅಂದರೆ ಅದು ಸಣ್ಣ ಮಾತೇ? ಊರು ಬಿಟ್ಟು ಬಂದ ನಾವು ಅಡಗಿಸಿಡುವುದು ಇದನ್ನೇ, ನಮ್ಮ ಹತ್ತಿರ ಹೆಚ್ಚಾಗಿ ಇರುವುದೂ ಇದೇ.

'ಅಬೌಟ್' ಎಂಬ ಭಾಗದಲ್ಲಿ 2,600 ಅಕ್ಷರ ಬರೆಯಬಹುದು. ಅಷ್ಟೂ ತುಂಬಿಸಬೇಕಿಲ್ಲ. ಮೇಲಿನ ಎರಡು ಮೂರು ಸಾಲು ಮಾತ್ರ ಕಂಡು, ಉಳಿದದ್ದು ಒತ್ತಿದರಷ್ಟೇ ತೆರೆದುಕೊಳ್ಳುತ್ತದೆ. 'ಶ್ರಮಜೀವಿ, ಪ್ರಾಮಾಣಿಕ' ಎಂದು ಶುರುಮಾಡಬೇಡಿ. ಸೋಮಾರಿ ಎಂದು ಯಾರೂ ಬರೆದುಕೊಳ್ಳುವುದಿಲ್ಲವಲ್ಲ! ಯಾರಿಗಾಗಿ, ಯಾವ ಕೆಲಸ, ಸಂಪರ್ಕಿಸುವುದು ಹೇಗೆ, ಇಷ್ಟು ಮೊದಲು ಬರಲಿ. ಅದರ ಕೆಳಗೆ 'ಫೀಚರ್ಡ್' ಎಂಬಲ್ಲಿ ಕೆಲಸದ ಮಾದರಿ ಇಡಬಹುದು. ನಾನು ನನ್ನ ಧ್ವನಿಯ ಒಂದು ನಿಮಿಷದ ತುಣುಕು ಇಟ್ಟೆ. ಅವರು ಗಿರಾಕಿಯ ಲೆಕ್ಕವನ್ನೇ ಹಾಕಲು ಹೊರಟಿದ್ದರು, ತಡೆದೆ. ಇನ್ನೊಬ್ಬರ ವ್ಯಾಪಾರದ ಗುಟ್ಟು ಬಯಲಿಗಿಡುವ ಲೆಕ್ಕಿಗನನ್ನು ಯಾರು ನಂಬುತ್ತಾರೆ? ಖಾಲಿ ನಮೂನೆಯೊಂದನ್ನು ಹಾಕಿಸಿದೆ.

ಫೋಟೊದ ಸುತ್ತ ಹಸಿರು ಚೌಕಟ್ಟು ಹಾಕಿಕೊಳ್ಳುವವರನ್ನು ನೋಡಿರುತ್ತೀರಿ. ಅದು ನೌಕರಿ ಹುಡುಕುವವರ ಗುರುತು. ಗಿರಾಕಿ ಬೇಕಾದವರು ಅದನ್ನು ತೆಗೆದು, ಸೇವೆ ಒದಗಿಸುತ್ತೇವೆ ಎಂದು ತಿಳಿಸುವ ಬೇರೆ ಆಯ್ಕೆಯನ್ನು ತುಂಬಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ನಿಮ್ಮ ಹೆಸರನ್ನು ಹೇಗೆ ಹೇಳಬೇಕೆಂದು ನಿಮ್ಮದೇ ದನಿಯಲ್ಲಿ ಹತ್ತು ಸೆಕೆಂಡಿನೊಳಗೆ ರೆಕಾರ್ಡ್ ಮಾಡಿಡುವ ಸೌಲಭ್ಯ 2020ರಲ್ಲಿ ಬಂತು. ಮೊಬೈಲ್ ಆ್ಯಪ್‌ನಿಂದ ಮಾಡಬೇಕು. ನಮ್ಮ ಒತ್ತಕ್ಷರ, ಳಕಾರಗಳು ಇಲ್ಲಿನವರ ಬಾಯಲ್ಲಿ ಪಡುವ ಪಾಡು ನಿಮಗೆ ಗೊತ್ತೇ ಇದೆ. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಬಾಯಿಗೆ ಅಂಟಿಸದೆ ಒಂದು ಗೇಣು ದೂರ ಹಿಡಿದು, ನಗುಮುಖದಿಂದ ಹೇಳಿ. ನಗು ದನಿಯಲ್ಲಿ ಕೇಳಿಸುತ್ತದೆ, ಇದು ನನ್ನ ಕಸುಬಿನ ಮಾತು.

ಇನ್ನು ಫಾಲೋವರ್‌ಗಳ ವಿಷಯ. ದುಡ್ಡಿಗೆ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಆ ಸಾವಿರ ಜನರಲ್ಲಿ ಒಬ್ಬನಿಗೂ ಹೋಟೆಲು ಇರುವುದಿಲ್ಲ. ಅದರ ಬದಲು ನಿಮ್ಮ ಕಸುಬಿನ ಒಂದು ಸಣ್ಣ ಉಪಯುಕ್ತ ಮಾತು ವಾರಕ್ಕೊಮ್ಮೆ ಬರೆಯಿರಿ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಕು ಜಿಎಸ್‌ಟಿಆರ್-1ಕ್ಕೆ, 20ನೇ ತಾರೀಕು 3ಬಿಗೆ ಕೊನೆಯ ದಿನ. 8ನೇ ತಾರೀಕಿಗೇ ನೆನಪಿಸುವ ಎರಡು ಸಾಲು ಹಾಕಿದರೆ ಓದುವವರಿಗೆ ಉಪಕಾರ. ಶೇ. 5 ತೆರಿಗೆ ವಿಧಿಸುವ ಹೋಟೆಲು ಖರೀದಿಯ ಮೇಲಿನ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ ಎಂಬುದನ್ನು ಬಿಡಿಸಿ ಹೇಳಿದರೆ ಅದೇ ಒಂದು ಒಳ್ಳೆಯ ಬರಹ. ಹಳೆಯ ಗಿರಾಕಿಗಳಿಂದ ಶಿಫಾರಸು ಕೇಳುವಾಗಲೂ 'ಒಳ್ಳೆಯ ಮಾತು ಬರೆಯಿರಿ' ಅನ್ನದೆ, ಯಾವ ಕೆಲಸ, ಅದರಿಂದ ಏನು ಸುಲಭವಾಯಿತು ಎಂದು ಬರೆಯಲು ಹೇಳಿ.

ಹೊಸ ಸಾಲು ಹಾಕಿದ ಮೇಲೆ ಅವರಿಗೆ ಎರಡು ವಿಚಾರಣೆ ಬಂದಿವೆ. ಒಂದು ಪುಣೆಯ ಹೋಟೆಲಿನವರದು, ಇನ್ನೂ ಮಾತುಕತೆಯಲ್ಲಿದೆ. ಮೊನ್ನೆ ಮತ್ತೆ ಫೋನ್: "ತಿಂಗಳಿಗೆ ಎಷ್ಟು ಹೇಳಲಿ ಮೇಡಂ?" ಇದಕ್ಕೆ ಆ ಕಸುಬಿನವರೇ ಉತ್ತರಿಸಬೇಕು. ನಮ್ಮ ಶ್ರೋತೃಗಳಲ್ಲಿ ಅಂಥವರಿದ್ದರೆ ನಮಗೆ ಬರೆಯಿರಿ, ಅವರಿಗೆ ತಲುಪಿಸುತ್ತೇನೆ.